ಹಕ್ಕಿ ಸಾಕು, ಮುಂದೆ ಓದು

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ಹಳೆಯ ಕಾವ್ಯಗಳ ಮೇಲೆ ಮಕ್ಕಳು ಬರೆದ ಪ್ರಬಂಧಗಳನ್ನು ತಿದ್ದಿ ತಿದ್ದಿ ಕಣ್ಣು ಮಂಜಾಗಿದೆ. ಅಂಚಿನಲ್ಲಿ ಕೆಂಪು ಶಾಯಿಯಿಂದ ನಾನು ಬರೆಯುತ್ತಿದ್ದುದು ಹೆಚ್ಚಾಗಿ ಒಂದೇ ಮಾತು: ‘ಹಕ್ಕಿ ಸಾಕು, ಮುಂದೆ ಓದು.’ ಮಕ್ಕಳು ತಮ್ಮ ಪ್ರಬಂಧದಲ್ಲಿ ಹಕ್ಕಿ ಎಲ್ಲಿದೆ ಎಂದು ಹುಡುಕುತ್ತಿದ್ದರು. ಸಿಗುತ್ತಿರಲಿಲ್ಲ. ಟೀಚರಿಗೆ ಎಲ್ಲೋ ಒಂದು ನಟ್ಟು ಸಡಿಲವಾಗಿದೆ ಎಂದು ತೀರ್ಮಾನಿಸಿ ಸುಮ್ಮನಾಗುತ್ತಿದ್ದರು. ಸ್ಟಾಫ್ ರೂಮಿನ ತೀರ್ಮಾನವೂ ಅದೇ ಇತ್ತು.

ಈ ಪ್ರಬಂಧಗಳ ಜಾತಕ ನನಗೆ ಬಾಯಿಪಾಠ. ‘ರವಿ ಕಾಣದ್ದನ್ನು ಕವಿ ಕಂಡ’ ಎಂದು ಶುರುವಾಗುತ್ತದೆ. ಕವಿ ಕಂಡದ್ದನ್ನು ತಾನು ಮಾತ್ರ ಕಾಣದೆ ಮುಗಿಯುತ್ತದೆ. ನಡುವೆ ಕವಿಯ ಹುಟ್ಟೂರು, ಅವನಿಗೆ ಆಶ್ರಯ ಕೊಟ್ಟ ಅರಸ, ಉಪಮೆಗಳ ಸೊಗಸು, ಶೈಲಿಯ ಲಾಲಿತ್ಯ, ಕನ್ನಡಾಂಬೆಯ ಮುಕುಟದ ಮಣಿ. ಯಾವ ಕವಿಯ ಹೆಸರು ಹಾಕಿದರೂ ನಡೆಯುತ್ತದೆ; ಬಾಡಿಗೆ ಕೋಟು, ಯಾವ ಮದುಮಗನಿಗೂ ಆದೀತು. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅನ್ನುತ್ತಾರಲ್ಲ, ದಾಸನಾದರೂ ಹಾಡನ್ನು ಒಮ್ಮೆ ಕಲಿತಿರುತ್ತಾನೆ. ಇವರು ಕಾವ್ಯದ ಪುಸ್ತಕದ ರಟ್ಟನ್ನೂ ಎತ್ತಿರುವುದಿಲ್ಲ.

ಮಕ್ಕಳನ್ನು ಬೈದು ಏನು ಪ್ರಯೋಜನ? ಕಲಿಸಿದವರು ನಾವು. ನಮಗೆ ಕಲಿಸಿದವರು ನಮ್ಮ ಪಂಡಿತರು. ಆ ಮಹಾನುಭಾವರ ಕಥೆಯನ್ನೇ ಹೇಳಬೇಕು.

ಕನ್ನಡ ನಾಡು ಒಂದಾಗಿ ಒಂದೆರಡು ವರ್ಷವಾಗಿತ್ತು. ಎಲ್ಲರ ಬಾಯಲ್ಲೂ ಕನ್ನಡ, ಕನ್ನಡ. ನಾನು ಶಿಕಾರಿಪುರದಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಹೈಸ್ಕೂಲಿನ ಕೊನೆಯ ವರ್ಷ ಓದುತ್ತಿದ್ದೆ. ಮಾವ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ನಮ್ಮೂರು ಸೊರಬದ ಕಡೆ, ಉಳವಿಯಿಂದ ಆಚೆ, ಬಸ್ಸಿಳಿದು ಗದ್ದೆ ಬಯಲು ದಾಟಿ ನಡೆಯಬೇಕು. ಅಲ್ಲಿ ಅಪ್ಪ, ಅಮ್ಮ, ಮತ್ತೆ ಅಜ್ಜಿ. ಅಜ್ಜಿಗೆ ಓದು ಬರುತ್ತಿರಲಿಲ್ಲ. ಉಬ್ಬಸ ಇತ್ತು, ಬಾಯಿ ಜೋರಿತ್ತು. ಉಬ್ಬಸ ಬಂದಾಗಲೂ ಬಾಯಿ ನಿಲ್ಲುತ್ತಿರಲಿಲ್ಲ.

ನಮ್ಮೂರಲ್ಲಿ ಶ್ರಾವಣದ ಶನಿವಾರಗಳಂದು ದೇವಸ್ಥಾನದ ಚಾವಡಿಯಲ್ಲಿ ಕಾವ್ಯ ಓದಿಸುವ ಪದ್ಧತಿ. ಒಬ್ಬರು ಪದ್ಯವನ್ನು ರಾಗವಾಗಿ ಓದಿ ನಿಲ್ಲಿಸುವುದು, ಇನ್ನೊಬ್ಬರು ಅದರ ಅರ್ಥ ಹೇಳುವುದು. ಅರ್ಥ ಹೇಳುವವರು ಮುಗಿಸಿ ಕೈ ಆಡಿಸಿದ ಮೇಲೇ ಮುಂದಿನ ಪದ್ಯ. ಓದುವವರು ನಮ್ಮ ನೆರೆಮನೆಯವರು, ಒಳ್ಳೆಯ ಕಂಠ. ಅರ್ಥ ಹೇಳುವವರು ನಮ್ಮ ಹೈಸ್ಕೂಲಿನ ಕನ್ನಡ ಪಂಡಿತರು. ಅರ್ಧ ದಿನದ ಶಾಲೆ ಮುಗಿಸಿ ಶಿಕಾರಿಪುರದಿಂದ ಬಸ್ಸು ಹತ್ತಿ ಬರುವರು, ಅದೇ ಬಸ್ಸಿಗೆ ನಾನೂ. ಪುಸ್ತಕವೂ ಅವರದೇ. ಕೆಂಪು ವಸ್ತ್ರದಲ್ಲಿ ಸುತ್ತಿ ತರುವರು, ಸುತ್ತಿಕೊಂಡು ಹೋಗುವರು. ಬೇರೆ ಯಾರೂ ಅದನ್ನು ಮನೆಗೆ ಒಯ್ಯುವಂತಿಲ್ಲ.

ಕಾವ್ಯ ನಾನೂರು ವರ್ಷ ಹಳೆಯದು, ಭಾಮಿನಿ ಷಟ್ಪದಿಯಲ್ಲಿದೆ. ಕವಿಯ ಹೆಸರನ್ನಾಗಲಿ ಕಾವ್ಯದ ಹೆಸರನ್ನಾಗಲಿ ನಾನು ಹೇಳುವುದಿಲ್ಲ. ಹೇಳಿದರೆ ನಾಳೆಯೇ ಯಾರಾದರೂ ಅದರ ಮೇಲೊಂದು ಪ್ರಬಂಧ ಬರೆದುಬಿಟ್ಟಾರು. ಕಥೆ ಇಷ್ಟು: ವ್ಯಾಪಾರಕ್ಕೆ ದೂರದೇಶಕ್ಕೆ ಹೋಗಿದ್ದ ಒಬ್ಬ ಸೆಟ್ಟಿ ವರ್ಷಗಳ ಮೇಲೆ ಹಿಂತಿರುಗುತ್ತಾನೆ. ಯಾರದೋ ಚಾಡಿ ಕೇಳಿ ಹೆಂಡತಿಯ ಮೇಲೆ ಸಂಶಯಪಟ್ಟು, ತವರಿಗೆ ಬಿಡುತ್ತೇನೆಂದು ಕರೆದೊಯ್ದು, ಒಂದು ಕೆರೆಯ ಏರಿಯ ಮೇಲೆ ಅವಳನ್ನು ಒಬ್ಬಳೇ ಬಿಟ್ಟು ಹೋಗಿಬಿಡುತ್ತಾನೆ.

ಮುಂದೆ? ಮುಂದೆ ಏನಾಯಿತೆಂದು ನಮ್ಮೂರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಯಾಕೆಂದರೆ ಪ್ರತಿ ಶ್ರಾವಣದಲ್ಲೂ ಪಂಡಿತರು ಗಣಪತಿ ಸ್ತುತಿಯಿಂದ ಶುರುಮಾಡುವರು. ಮೊದಲ ಶನಿವಾರವೆಲ್ಲ ದೇವರುಗಳ ಸ್ತುತಿ. ಮುಂದಿನದರಲ್ಲಿ ಸೆಟ್ಟಿಯ ಪಟ್ಟಣದ ವರ್ಣನೆ. ಕೊನೆಯ ಶನಿವಾರ ಕೆರೆಯ ಏರಿ. ಅಲ್ಲಿ ಪಂಡಿತರು ನಿಲ್ಲುವರು. ಏರಿಯ ಮೇಲೆ ಆಕೆ ಗೋಳಾಡುತ್ತಿದ್ದರೆ ಕೆರೆಯ ಕೊಕ್ಕರೆಗಳು ಬಾಯೊಳಗಿನ ಮೀನನ್ನು ನೀರಿಗೆ ಬಿಟ್ಟುಬಿಡುತ್ತವೆ. ತಾಯಿ ಹಕ್ಕಿ ಮರಿಗೆ ಗುಟುಕು ಕೊಡದೆ ಕಣ್ಣೀರು ಸುರಿಸುತ್ತದೆ. ಮರಿ ‘ಅಮ್ಮಾ, ನನಗೆ ಹಸಿವಿಲ್ಲ, ಮೊದಲು ಆ ತಾಯಿಗೆ ಕೊಡು’ ಅನ್ನುತ್ತದೆ. ಹೆಂಗಸರ ಸಾಲು ಸೆರಗು ಕಚ್ಚಿಕೊಂಡು ಬಿಕ್ಕುತ್ತಿತ್ತು. ಪಂಡಿತರೂ ಶಲ್ಯದಿಂದ ಕಣ್ಣೊರೆಸಿಕೊಳ್ಳುವರು. ಅಷ್ಟರಲ್ಲಿ ಹೊತ್ತಾಗುತ್ತಿತ್ತು. ಮಂಗಳ ಹಾಡಿ, ಕೋಸಂಬರಿ ಹಂಚಿ, ಮುಂದಿನ ವರ್ಷಕ್ಕೆ ಮತ್ತೆ ಗಣಪತಿ ಸ್ತುತಿ!

ಆ ವರ್ಷವೂ ಹಾಗೇ ಆಯಿತು. ಮನೆಗೆ ಬಂದು ಅಜ್ಜಿ ಗೋಡೆಗೊರಗಿ ಕೂತಳು, ಉಬ್ಬಸ ಹತ್ತಿತ್ತು.

“ಎಂತ ಕರ್ಮನೇ ಇದು,” ಎಂದಳು. “ವರ್ಷ ವರ್ಷ ಆ ಹೆಂಗ್ಸನ್ನ ಏರಿ ಮೇಲೆ ಕೂರ್ಸಿ ಬತ್ತೀವಿ. ಆಮೇಲೆ ಎಂತ ಆದ್ಲು ಅವ್ಳು? ಕೆರೆ ಹಾರಿದ್ಲಾ? ಅಂವ ಬಂದು ಕರ್ಕಂಡು ಹೋದ್ನಾ? ನಾ ಸಾಯದ್ರೊಳಗೆ ಅದೊಂದು ಕೇಳ್ಬೇಕು ಕಣೆ. ನೀ ಓದ್ತಿ ಅಲ್ದನೆ, ಆ ಪುಸ್ತಕ ತಗಂಬಾ.”

ತಗಂಬಾ ಎಂದರೆ ತರುವುದೆಲ್ಲಿಂದ? ಅಂಗಡಿಯಲ್ಲಿ ಸಿಗುವ ಪುಸ್ತಕವಲ್ಲ ಅದು. ಶಾಲೆಯಲ್ಲಿ ಒಂದು ಪ್ರತಿಯಿತ್ತು, ಗಾಜಿನ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂತಿತ್ತು. ಆದರೆ ಆ ವರ್ಷ ರಾಜ್ಯೋತ್ಸವಕ್ಕೆಂದು ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ಹೈಸ್ಕೂಲು ಮಕ್ಕಳಿಗೆ ಪ್ರಬಂಧ ಸ್ಪರ್ಧೆ ಇಟ್ಟರು. ವಿಷಯ, ಅದೇ ಕಾವ್ಯದಲ್ಲಿ ಕರುಣರಸ. ಮೊದಲ ಬಹುಮಾನ, ಅದೇ ಕಾವ್ಯದ ಹೊಸ ಪ್ರತಿ. ತೀರ್ಪುಗಾರರು, ಇನ್ಯಾರು, ನಮ್ಮ ಪಂಡಿತರು.

ನಾನು ಅಂದೇ ಹೆಸರು ಕೊಟ್ಟೆ. ಹೆಸರು ಕೊಟ್ಟವರು ಮಧ್ಯಾಹ್ನದ ಬಿಡುವಿನಲ್ಲಿ ಬೀರುವಿನ ಪುಸ್ತಕವನ್ನು ಅಲ್ಲೇ ಕೂತು ಓದಬಹುದೆಂದು ಹೆಡ್‌ಮಾಸ್ಟರರು ಅಪ್ಪಣೆ ಕೊಟ್ಟರು. ಓದಲು ಬಂದವಳು ನಾನೊಬ್ಬಳೇ. ಉಳಿದವರಿಗೆ ಪುಸ್ತಕ ಯಾಕೆ ಬೇಕು? ಪಂಡಿತರ ಪಾಠ ಕೇಳಿದ್ದಾರೆ, ಅವರ ಹಕ್ಕಿಗಳು ತಾಲ್ಲೂಕಿಗೇ ಪ್ರಸಿದ್ಧ. ಬುತ್ತಿಯನ್ನು ಬೇಗ ಬೇಗ ನುಂಗಿ ಕೈ ತೊಳೆದು ಹೋಗಿ ಕೂರುತ್ತಿದ್ದೆ. ಕೊನೆಯ ಸಂಧಿಗೆ ಬಂದಾಗ ನೋಡುತ್ತೇನೆ, ಹಾಳೆಗಳು ಬಿಡಿಸಿಯೇ ಇಲ್ಲ! ಆಗ ಕೆಲವು ಪುಸ್ತಕಗಳು ಹಾಗೆ ಬರುತ್ತಿದ್ದವು. ಅಂಚು ಕತ್ತರಿಸಿರುತ್ತಿರಲಿಲ್ಲ, ಹಾಳೆಗಳು ಮಡಿಕೆಯಲ್ಲೇ ಕೂಡಿಕೊಂಡಿರುತ್ತಿದ್ದವು, ಓದುವವರೇ ಸೀಳಿಕೊಳ್ಳಬೇಕು. ಸ್ಕೇಲು ಹಾಕಿ ನಾನೇ ಸೀಳಿದೆ. ಅಲ್ಲಿಗೆ ಆ ಶಾಲೆಯಲ್ಲಿ ಆ ಪುಟದವರೆಗೆ ಓದಿದವರು ಯಾರೂ ಇಲ್ಲವೆಂದಾಯಿತು.

ಅದಕ್ಕೂ ಮೊದಲು ಕೆರೆಯ ಏರಿಯ ಹತ್ತಿರವೇ ನಾನು ಎಡವಿದ್ದೆ. ಹಕ್ಕಿಗಳಿಲ್ಲ! ಕೊಕ್ಕರೆಯಿಲ್ಲ, ಗುಟುಕಿಲ್ಲ, ಉಪವಾಸ ಕೂತ ಮರಿಯಿಲ್ಲ. ಹಾಳೆ ತಪ್ಪಿತೇ ಎಂದು ಹಿಂದೆ ಮುಂದೆ ತಿರುವಿದೆ. ಎಲ್ಲಿಂದ ಬರಬೇಕು? ಪಂಡಿತರು ಒಂದು ಮಳೆಗಾಲದಲ್ಲಿ ಗುಡವಿಯ ಕೆರೆಗೆ ಹೋಗಿ ಹಕ್ಕಿಗಳನ್ನು ಕಂಡು ಬಂದಿದ್ದರಂತೆ. ಗಾಡಿ ಹೊಡೆದುಕೊಂಡು ಹೋದವರು ಆಮೇಲೆ ಹೇಳಿದರು. ಅವನ್ನು ಅಲ್ಲಿಂದ ಹಿಡಿದು ತಂದು ನಾನೂರು ವರ್ಷ ಹಿಂದಿನ ಕೆರೆಗೆ ಬಿಟ್ಟಿದ್ದರು. ಪದ್ಯದಲ್ಲಿ ಇರುವುದು ಇಷ್ಟೇ: ಅವನು ಹೋದ. ಧೂಳು ಕೂತಿತು. ಆಕೆ ಕೆರೆಗೆ ಇಳಿದು ಕಾಲು ತೊಳೆದುಕೊಂಡು, ಸೀರೆ ನೆರಿಗೆ ಸರಿಮಾಡಿಕೊಂಡು ಎದ್ದಳು. ಮುಗಿಯಿತು. ಒಂದು ಹನಿ ಕಣ್ಣೀರಿಲ್ಲ.

ಆಕೆ ಅತ್ತಿದ್ದರೆ ನಾನೂ ಅತ್ತು ಮರೆಯುತ್ತಿದ್ದೆ. ಕಾಲು ತೊಳೆದುಕೊಂಡಳಲ್ಲ, ಅದು ಮಾತ್ರ ನನ್ನನ್ನು ಬಿಡಲೇ ಇಲ್ಲ. ಗಂಡನ ಜೊತೆ ನಡೆದು ಬಂದ ದಾರಿಯ ಧೂಳನ್ನು ಆಕೆ ತೊಳೆದದ್ದು. ಪ್ರಬಂಧದಲ್ಲಿ ಅದನ್ನೇ ಬರೆದೆ. ಕವಿ ಆಕೆಯನ್ನು ಯಾಕೆ ಅಳಿಸಲಿಲ್ಲ, ಕಾಲು ತೊಳೆಯುವ ಮಾತನ್ನು ಯಾಕೆ ಅಲ್ಲಿ ಇಟ್ಟ, ಅದು ಕೊನೆಯ ಸಂಧಿಗೆ ಹೇಗೆ ದಾರಿ ಮಾಡುತ್ತದೆ ಎಂದು ಪದ್ಯ ಹಿಡಿದು ಬರೆದೆ. ಹಕ್ಕಿಗಳ ವರ್ಣನೆ ಮೂಲದಲ್ಲಿ ಇಲ್ಲ ಎಂದೂ ಒಂದು ವಾಕ್ಯ ಸೇರಿಸಿದೆ. ಹದಿನಾರರ ಕೊಬ್ಬು, ಆದರೂ ವಾಕ್ಯ ಸರಿಯಾಗಿಯೇ ಇತ್ತು.

ಮರುವಾರ ಪಂಡಿತರು ಕರೆಸಿದರು. ನನ್ನ ಹಾಳೆಗಳು ಮೇಜಿನ ಮೇಲಿದ್ದವು.

“ಭಾಷೆ ಶುದ್ಧವಾಗಿದೆಯಮ್ಮ,” ಎಂದರು. “ಆದರೆ ಕರುಣರಸ ಎಂದು ವಿಷಯ ಕೊಟ್ಟರೆ ಕಾಲು ತೊಳೆಯೋದನ್ನ ಬರೆದಿದ್ದೀಯಲ್ಲ! ಸ್ನಾನದ ಮನೆ ಪ್ರಬಂಧವೇ ಇದು? ಹಕ್ಕಿಗಳೆಲ್ಲಿ?”

“ಪುಸ್ತಕದಲ್ಲಿ ಇಲ್ಲ ಸಾರ್.”

“ಪುಸ್ತಕದಲ್ಲಿ ಇಲ್ಲದ್ದನ್ನು ಕಾಣುವವನೇ ರಸಿಕ. ಇರೋದನ್ನ ಕಾಣೋಕೆ ಪಂಡಿತರು ಯಾಕೆ ಬೇಕು?” ಎಂದು ತಮ್ಮ ಮಾತಿಗೆ ತಾವೇ ನಕ್ಕರು. ಆಮೇಲೆ ದನಿ ತಗ್ಗಿಸಿ, “ನೋಡು, ನಿಮ್ಮ ಊರಿನ ಅನ್ನ ಉಂಡವನು ನಾನು. ಆ ಒಂದು ವಾಕ್ಯ ಹೊಡೆದು ಹಾಕು. ಹಕ್ಕಿಗಳ ಮೇಲೆ ಒಂದು ಹಾಳೆ ಬರೆದು ನಾಳೆ ತಂದುಕೊಡು. ಮೊದಲ ಬಹುಮಾನ ನಿನಗೇ,” ಎಂದರು.

ಅವರ ಮಟ್ಟಿಗೆ ಅದು ದೊಡ್ಡ ಉಪಕಾರವೇ. ಸಂಜೆ ಮಾವನ ಮನೆಯ ಜಗಲಿಯಲ್ಲಿ ಹಾಳೆ ಹರಡಿಕೊಂಡು ಕೂತೆ. ಒಂದು ಹಾಳೆ ಹಕ್ಕಿ ಬರೆದರೆ ಪುಸ್ತಕ ನನ್ನದು, ಅಜ್ಜಿಗೆ ಕಥೆಯ ಕೊನೆಯನ್ನು ಪುಸ್ತಕ ಹಿಡಿದೇ ಓದಿ ಹೇಳಬಹುದು. ಬಿಟ್ಟರೆ ಇಲ್ಲ. ‘ಕೊಕ್ಕರೆ’ ಎಂದು ಬರೆದೆ. ಮುಂದಕ್ಕೆ ಕೈ ಹೋಗಲಿಲ್ಲ. ಪುಸ್ತಕ ಗೆದ್ದು ಅಜ್ಜಿಗೆ ಓದಿ ಹೇಳುವಾಗ, ಹಕ್ಕಿ ಎಲ್ಲೇ ಎಂದು ಆಕೆ ಕೇಳಿದರೆ ಏನು ಹೇಳಲಿ? ನನ್ನ ಪ್ರಬಂಧದಲ್ಲಿವೆ ಎನ್ನಲೇ? ಮಾವ ಕಚೇರಿಯಿಂದ ಬಂದವನು ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ.

“ಅಲ್ಲವ, ಪಹಣಿಯಾಗ ಇಲ್ಲದ ಜಮೀನಿಗೆ ನಿಮ್ಮ ಪಂಡಿತ್ರು ಖಾತೆ ಮಾಡಿಸ್ಕೊಂಡು ಕುಂತಾರಲ್ಲ! ಸಾಕ್ಷಿ ಸಹಿ ಹಾಕಾಕ ನಿನ್ನ ಕರೀತಾರ. ಹಾಕ್ತೀಯೇನು?”

ಹಾಕಲಿಲ್ಲ. ಹಾಳೆ ಹರಿದು ಒಲೆಗೆ ಹಾಕಿದೆ. ಮರುದಿನ ಪಂಡಿತರ ಎದುರು ಹೋಗಿ ಬರೆದದ್ದೇ ಇರಲಿ ಸಾರ್ ಎಂದೆ. ನಿನ್ನ ಹಣೆಬರಹ ಎಂದರು.

ರಾಜ್ಯೋತ್ಸವದ ದಿನ ಬಹುಮಾನ ಅಂಜನಾಪುರದ ಕಡೆಯ ಗದ್ದೆಯವರ ಮನೆಯ ಹುಡುಗನಿಗೆ ಹೋಯಿತು, ನನ್ನ ತರಗತಿಯವನೇ. ವೇದಿಕೆಯ ಮೇಲೆ ಅವನ ಪ್ರಬಂಧವನ್ನು ಓದಿಸಿದರು. ಅಯ್ಯೋ ಶಿವನೇ! ಕೊಕ್ಕರೆ ಅಳುತ್ತದೆ, ಗಿಳಿ ಅಳುತ್ತದೆ, ಕೋಗಿಲೆ ಹಾಡು ಮರೆಯುತ್ತದೆ, ಕೊನೆಗೆ ಒಂದು ನವಿಲು ಬಂದು ಆಕೆಗೆ ಗರಿ ಬೀಸುತ್ತದೆ. ಪಂಡಿತರಲ್ಲಿ ನವಿಲಿರಲಿಲ್ಲ. ಶಿಷ್ಯ ಗುರುವನ್ನು ಮೀರಿಸಿದ್ದ. “ಎಂಥ ರಸದೃಷ್ಟಿ!” ಎಂದು ಪಂಡಿತರು ಬೆನ್ನು ತಟ್ಟಿದರು. ಸಭೆ ಚಪ್ಪಾಳೆ ಹೊಡೆಯಿತು. ನನಗೆ ಹೊಟ್ಟೆ ಉರಿದುಹೋಯಿತು, ಸುಳ್ಳು ಯಾಕೆ ಹೇಳಲಿ. ಇಂದೂ ಯಾವುದಾದರೂ ಸಭೆಯಲ್ಲಿ ‘ರಸದೃಷ್ಟಿ’ ಎಂಬ ಮಾತು ಕೇಳಿದರೆ ನಾನು ಚಪ್ಪಲಿ ಹುಡುಕಿಕೊಂಡು ಎದ್ದುಬಿಡುತ್ತೇನೆ.

ಮಾನ ಬಿಟ್ಟು ಆ ಹುಡುಗನನ್ನೇ ಕೇಳಿದೆ, ನಾಲ್ಕು ದಿನ ಪುಸ್ತಕ ಕೊಡುತ್ತೀಯಾ, ನಮ್ಮಜ್ಜಿಗೆ ಓದಿ ಹೇಳಿ ತಂದುಕೊಡುತ್ತೇನೆ ಎಂದು.

“ಅದನ್ನ ನಮ್ಮವ್ವ ದೇವ್ರ ಮನ್ಯಾಗ ಇಟ್ಟಾಳ,” ಎಂದ. “ಅರಿಶಿನ ಕುಂಕುಮ ಹಚ್ಚಿ ದಾರ ಕಟ್ಯಾಳ. ತೆಗ್ಯಾಂಗಿಲ್ಲ.”

“ನೀನು ಓದಿದೆಯಾ?”

“ನನಗ್ಯಾಕ ಬೇಕು? ಪ್ರೈಜು ಬಂತಲ್ಲ.”

ಅವನನ್ನು ಬೈಯಲೂ ಮನಸ್ಸಾಗಲಿಲ್ಲ. ಅಷ್ಟರಲ್ಲಿ ಶಾಲೆಯ ಬೀರುವಿಗೂ ಬೀಗ ಬಿದ್ದಿತ್ತು.

ದೀಪಾವಳಿಗೆ ಊರಿಗೆ ಹೋದಾಗ ಅಜ್ಜಿ ಬಾಗಿಲಲ್ಲೇ ನನ್ನ ಚೀಲ ನೋಡಿದಳು. ಪುಸ್ತಕ ಇರಲಿಲ್ಲ. ಆದರೆ ಕಥೆಯ ಕೊನೆ ನನ್ನ ತಲೆಯಲ್ಲಿತ್ತು. ಹಿತ್ತಲ ಕಟ್ಟೆಯ ಮೇಲೆ ಅಜ್ಜಿಯನ್ನು ಕೂರಿಸಿ ಹೇಳಿದೆ. ಪದ್ಯ ನೆನಪಿದ್ದಲ್ಲಿ ಪದ್ಯವನ್ನೇ ಹೇಳಿದೆ. ಮರೆತಲ್ಲಿ, ಅಜ್ಜಿ ಇದು ನನ್ನ ಮಾತು, ಕವಿಯದಲ್ಲ ಎಂದು ಮೊದಲೇ ತಿಳಿಸಿ ಹೇಳಿದೆ. ಸೆಟ್ಟಿಗೆ ನಿಜ ತಿಳಿದು ಪಲ್ಲಕ್ಕಿ ತೆಗೆದುಕೊಂಡು ಅದೇ ಕೆರೆಗೆ ಬರುತ್ತಾನೆ. ಆಕೆ ಅಲ್ಲೇ ಊರವರ ನಡುವೆ ಗುಡಿಸಲು ಹಾಕಿಕೊಂಡು ನಾಲ್ಕು ಜನಕ್ಕೆ ಬೇಕಾದವಳಾಗಿ ಬದುಕಿರುತ್ತಾಳೆ. ನಡೆ ಮನೆಗೆ, ಎನ್ನುತ್ತಾನೆ. ಆಗ ಆಕೆ ಎಲ್ಲರೆದುರು ಹೇಳುತ್ತಾಳೆ: ನನ್ನನ್ನು ಬಿಟ್ಟುಹೋದ ದಿನ ನಿನಗೆ ಒಬ್ಬನೇ ಹಿಂದಕ್ಕೆ ಹೋಗುವ ದಾರಿ ಗೊತ್ತಿತ್ತು, ಆ ದಾರಿ ಇನ್ನೂ ಅಲ್ಲೇ ಇದೆ.



“ಹಕ್ಕಿ?” ಎಂದಳು ಅಜ್ಜಿ.

“ಇಲ್ಲ ಅಜ್ಜಿ.”

“ಒಂದೂ?”

“ಒಂದೂ ಇಲ್ಲ. ಪಂಡಿತರು ತಾವೇ ಹಾಕಿದ್ದು.”

“ಥೂ ಅವನ!” ಎಂದಳು. “ಇಷ್ಟು ವರ್ಷ ಅತ್ತಿದ್ದೆಲ್ಲ ಅವನ ಕೊಕ್ಕರೆಗೇನೆ?” ನಾನು ಗೆದ್ದೆ ಅಂದುಕೊಂಡೆ. ಅಜ್ಜಿ ನನ್ನ ಕಡೆ ತಿರುಗಿ ಕಣ್ಣು ಕಿರಿದು ಮಾಡಿದಳು. “ಆದ್ರೆ ನೀ ಹೇಳಿದ್ದು ಪುಸ್ತಕದಗೆ ಇದೆ ಅಂತ ನಾ ಹೆಂಗೆ ನಂಬದು? ಅಂವ ಕೆರೆಗೆ ಹಕ್ಕಿ ಬಿಟ್ಟ. ನೀ ಕಥೆಗೆ ಆ ಮಾತು ಬಿಟ್ಟಿರ್‍ಬೌದು. ಎಷ್ಟು ಚಂದ ಇದೆ ಅಂತ್ಲೇ ನಂಗೆ ಅನ್ಮಾನ. ಪುಸ್ತಕ ಓದದು ನನ್ನ ಕಿವಿಗೆ ಬೀಳ್ಬೇಕು. ಅಲ್ಲೀವರಿಗೂ ನಾ ಒಪ್ಪದಿಲ್ಲ.”

ನನಗೆ ಎಷ್ಟು ಸಿಟ್ಟು ಬಂತೆಂದರೆ ಹೋಳಿಗೆ ತಿನ್ನದೆ ಮಲಗಿದೆ. ಅವಳಿಗಾಗಿ ಬಹುಮಾನ ಕಳೆದುಕೊಂಡೆ, ಅವಳು ನನ್ನನ್ನೂ ಪಂಡಿತರ ಸಾಲಿಗೆ ಸೇರಿಸಿಬಿಟ್ಟಳು! ಆಮೇಲೆ ಬಿ.ಎ. ಓದಿದೆ, ಟ್ರೈನಿಂಗ್ ಮಾಡಿದೆ, ವಿಮರ್ಶೆಯ ದಪ್ಪ ದಪ್ಪ ಪುಸ್ತಕ ಹೊತ್ತೆ. ಕಾವ್ಯ ಓದುವುದರ ಬಗ್ಗೆ ಅಜ್ಜಿಯ ಆ ಮಾತಿಗಿಂತ ಸರಿಯಾದ ಮಾತನ್ನು ಯಾರೂ ಹೇಳಲಿಲ್ಲ.

ಮುಂದಿನ ಶ್ರಾವಣದ ಹೊತ್ತಿಗೆ ಅಜ್ಜಿ ಇಳಿದುಹೋಗಿದ್ದಳು. ಚಾವಡಿಗೆ ನಾನೂ ಅಮ್ಮನೂ ಹೆಗಲು ಕೊಟ್ಟು ಕರೆದುಕೊಂಡು ಹೋಗಬೇಕಾಯಿತು. ಸ್ತುತಿಯಾಯಿತು, ಪಟ್ಟಣವಾಯಿತು, ಕೊನೆಯ ಶನಿವಾರ ಬಂತು. ನೆರೆಮನೆಯವರು ಕೆರೆಯ ಏರಿಯ ಪದ್ಯ ಓದಿ ನಿಲ್ಲಿಸಿದರು. ಪಂಡಿತರು ಶಲ್ಯ ಸರಿಮಾಡಿಕೊಂಡು, ಕಣ್ಣು ಅರೆಮುಚ್ಚಿ, “ಆಗ ಆ ಸರೋವರದ ಪಕ್ಷಿಗಳು...” ಎಂದರು. ಹೆಂಗಸರು ಸೆರಗು ಸಿದ್ಧ ಮಾಡಿಕೊಂಡರು. ಅದರಲ್ಲೊಂದು ನವಿಲೂ ಬಂತು. ಶಿಷ್ಯನದು, ಸಾಲ ತಂದಿದ್ದರು.

“ಹಕ್ಕಿ ಸಾಕು ಪಂಡಿತ್ರೇ,” ಎಂದಳು ಅಜ್ಜಿ. “ಮುಂದೆ ಓದ್ಸಿ.”

ಪಂಡಿತರು ನಕ್ಕರು. “ಅವಸರ ಯಾಕಜ್ಜಿ? ಮುಂದಿನ ಶ್ರಾವಣ ಇದ್ದೇ ಇದೆಯಲ್ಲ.”

“ನಂಗೆ ಮುಂದಿನ ಶ್ರಾವಣ ನೀವು ಬರ್ದು ಕೊಡ್ತೀರೇನ್ರೀ?”

ಯಾರೋ ಹಿಂದಿನಿಂದ ಕಿಸಕ್ಕೆಂದರು. ಅಜ್ಜಿ ಪಂಡಿತರನ್ನು ಅಲ್ಲಿಗೇ ಬಿಟ್ಟು ನೆರೆಮನೆಯವರ ಕಡೆ ತಿರುಗಿದಳು. “ತಮ್ಮಾ, ಪುಸ್ತಕ ನಿನ್ನ ಕೈಯಗೆ ಇದೆ. ಕೊನೇ ಸಂಧಿ ತೆಗಿ. ನನ್ನ ಉಸಿರು ನಿಲ್ಲದ್ರೊಳಗೆ ಓದು.”

ನೆರೆಮನೆಯವರು ಪಂಡಿತರ ಮುಖ ನೋಡಿದರು. ಪಂಡಿತರು ಕೈ ಆಡಿಸಲಿಲ್ಲ, ಬೇಡವೆನ್ನಲೂ ಇಲ್ಲ. ನೆರೆಮನೆಯವರು ಹಾಳೆ ಮಗುಚಿದರು, ಮಗುಚುತ್ತ ಮಗುಚುತ್ತ ತಡೆದರು. ದೀಪದ ಹತ್ತಿರ ಹಿಡಿದು ನೋಡಿದರು.

“ಇದು ಬಿಡಿಸೇ ಇಲ್ಲವಲ್ರೀ,” ಎಂದರು. “ಹಾಳೆ ಕೂಡ್ಕಂಡಿದಾವೆ. ಯಾರಾದ್ರೂ ಒಂದು ಚಾಕು ಕೊಡ್ರೀ.”

ಪಂಡಿತರ ಸ್ವಂತ ಪ್ರತಿ ಅದು! ಕೆಂಪು ವಸ್ತ್ರದಲ್ಲಿ ಬಂದು ಹೋಗುತ್ತಿದ್ದ ಪುಸ್ತಕ. ಇಷ್ಟು ಶ್ರಾವಣ ಊರಿಗೆಲ್ಲ ಅರ್ಥ ಹೇಳಿದ ಮಹಾಶಯರು ಕಥೆಯ ಕೊನೆಯನ್ನೇ ತೆರೆದಿರಲಿಲ್ಲ. ಎಲೆ ಅಡಿಕೆ ತಟ್ಟೆಯಿಂದ ಯಾರೋ ಚಾಕು ಕೊಟ್ಟರು. ಹಾಳೆ ಸೀಳುವ ಸದ್ದು ಚಾವಡಿಯ ತುದಿಯವರೆಗೂ ಕೇಳಿಸಿತು. ಪಂಡಿತರು ತಮ್ಮ ಶಲ್ಯದ ಅಂಚನ್ನು ನೋಡುತ್ತ ಕೂತಿದ್ದರು. ನನಗೆ ಕನಿಕರ ಬಂತೇ ಎಂದರೆ ಇಲ್ಲ, ಆಗಲೂ ಇಲ್ಲ, ಈಗಲೂ ಇಲ್ಲ.

ನೆರೆಮನೆಯವರು ಓದಿದರು. ಪಲ್ಲಕ್ಕಿ ಬಂತು, ಸೆಟ್ಟಿ ಇಳಿದ, ನಡೆ ಮನೆಗೆ ಎಂದ. ಆಕೆ ಆಡಿದ ಮಾತಿನ ಪದ್ಯ ಬಂತು, ನಾನು ಹಿತ್ತಲ ಕಟ್ಟೆಯ ಮೇಲೆ ಹೇಳಿದ್ದ ಪದ್ಯ, ಅಕ್ಷರಕ್ಕೆ ಅಕ್ಷರ. ಅವರು ಓದಿ ನಿಲ್ಲಿಸಿದರು. ಪದ್ಧತಿಯಂತೆ ಈಗ ಅರ್ಥ ಹೇಳಬೇಕು. ಹೆಂಗಸರ ಸಾಲಿನಲ್ಲಿ ಯಾರೂ ಅಳುತ್ತಿರಲಿಲ್ಲ. ಎಲ್ಲರೂ ಪಂಡಿತರನ್ನೇ ನೋಡುತ್ತಿದ್ದರು. ಪಂಡಿತರು ಗಂಟಲು ಸರಿಮಾಡಿಕೊಂಡು, “ಇಲ್ಲಿ ಕವಿ ಹೇಳುವುದೇನೆಂದರೆ...” ಎಂದು ಬಾಯಿ ತೆರೆದರು.

ಅಜ್ಜಿ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಉಸಿರು ಎಳೆದುಕೊಂಡಳು.

“ಅರ್ಥ ಹೇಳದು ಬ್ಯಾಡ,” ಎಂದಳು. “ಅರ್ಥ ಆತು.”